ಇಪ್ಪತ್ತೈದನೇ ಬೆಂಚು

ಫೆಬ್ರವರಿ ಎರಡನೇ ಭಾನುವಾರ, ಬೆಳಿಗ್ಗೆ ಎಂಟು ಗಂಟೆ ಐವತ್ತು ನಿಮಿಷ. ನಮ್ಮ ತಾತ ಬೆಂಚಿನ ಮೇಲೆ ಕೂತಿದ್ದರು. ಬೆಂಚು ಗಾಳಿಯಲ್ಲಿತ್ತು.

ಸುಳ್ಳಲ್ಲ. ಒಂದು ತುದಿಗೆ ಅಪ್ಪ ಮತ್ತು ಚಿಕ್ಕಪ್ಪ. ಇನ್ನೊಂದು ತುದಿಗೆ ಚಿಕ್ಕಪ್ಪನ ಮಗ ಮಂಜ ಮತ್ತು ಅವನ ಗೆಳೆಯ. ನಡುವೆ ಎಪ್ಪತ್ಮೂರು ವರ್ಷದ ಮುನಿಶಾಮಪ್ಪ, ಅಂದರೆ ನಮ್ಮ ತಾತ. ಹೆಗಲ ಮೇಲೆ ಟವೆಲ್ಲು, ಎರಡೂ ಕೈ ಬೆಂಚಿನ ಅಂಚನ್ನು ಹಿಡಿದಿದ್ದವು.

"ಇಳಿಯಪ್ಪಾ, ಜನ ನೋಡ್ತಾರೆ," ಎಂದರು ಅಪ್ಪ.

"ನೋಡ್ಲಿ. ನನ್ ಬೆಂಚ್ ಮೇಲೆ ನಾನ್ ಕೂತಿದ್ದೀನಿ. ಎತ್ಕೊಂಡ್ ಹೋಗ್ತಿರೋರು ನೀವು."

"ಇದು ನಿನ್ ಬೆಂಚಲ್ಲ. ಸ್ಕೂಲ್ ಬೆಂಚು."

"ನಮ್ದೇ."

ಈ ಸಂಭಾಷಣೆಯನ್ನು ನಾನು ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ. ಗಾಳಿಯಲ್ಲಿ ನಡೆದದ್ದು ಮಾತ್ರ ಅವತ್ತೇ ಮೊದಲು.

ನಮ್ಮ ಮನೆಯಿಂದ ಚರ್ಚಿನ ಗೇಟಿಗೆ ನಾನೂರ ಹನ್ನೆರಡು ಹೆಜ್ಜೆ. (ಬೆಂಚು ಹೊತ್ತವರ ಹೆಜ್ಜೆ. ನನ್ನದಾದರೆ ನಾನೂರ ಎಪ್ಪತ್ತು.) ದಾರಿಯಲ್ಲಿ ಮೂರು ಕಡೆ ಇಳಿಸಿದರು. ಮೂರು ಕಡೆಯೂ ತಾತ ಏಳಲಿಲ್ಲ. ಹಾಲಿನ ಡೈರಿಯ ಮುಂದೆ ನಿಂತಿದ್ದವರೊಬ್ಬರು, "ಏನ್ ಮುನಿಶಾಮಣ್ಣ, ಜೋರಾಗೈತೆ ಸವಾರಿ," ಎಂದರು. ತಾತ ಗಂಭೀರವಾಗಿ ಕೈಯೆತ್ತಿದರು. ಮಂಜ ಹಲ್ಲು ಕಚ್ಚಿಕೊಂಡು ಗೆಳೆಯನಿಗೆ ಹೇಳುತ್ತಿದ್ದ: "ಮಗಾ, ವಾಲಿಸ್ಬೇಡ. ತಾತ ಜಾರಿದ್ರೆ ನಮ್ಮಪ್ಪ ನನ್ನ ಸಾಯಿಸ್ತಾರೆ."

ನನ್ನ ಅಂಕಣ ಓದುವವರಿಗೆ ನಮ್ಮೂರು ಹೊಸದಲ್ಲ. ಹೊಸಬರಿಗೆ ಹೇಳಿಬಿಡುತ್ತೇನೆ. ಬೆಂಗಳೂರಿನ ಟಿನ್ ಫ್ಯಾಕ್ಟರಿಯಲ್ಲಿ ಬಸ್ಸಿಳಿದು, ಹಳೇ ಮದ್ರಾಸು ರಸ್ತೆ ಬಿಟ್ಟು ಒಳಗೆ ಬಂದರೆ ಸಿಗುತ್ತದೆ. ಈಗ ಅದನ್ನು ಊರೆನ್ನಲು ಸ್ವಲ್ಪ ಧೈರ್ಯ ಬೇಕು. ರಾಗಿ ಹೊಲಗಳೆಲ್ಲ ಲೇಔಟ್ ಆಗಿವೆ. ಬದಲಾಗದೆ ಉಳಿದಿರುವುದು ಚರ್ಚು ಒಂದೇ. ಕಲ್ಲಿನ ಗೋಡೆ, ಹೆಂಚಿನ ಮಾಡು, ಪಕ್ಕದಲ್ಲಿ ಒಂದೇ ಕೋಣೆಯ ಶಾಲೆ. ಎರಡರ ನಡುವೆ ಜಲ್ಲಿ ಹಾಸಿದ ಅಂಗಳ.

ಊರಲ್ಲಿ ಕ್ರೈಸ್ತ ಮನೆಗಳು ಒಂಬತ್ತು. ಉಳಿದವರೆಲ್ಲ ನಮ್ಮಂಥವರು, ಹಬ್ಬಕ್ಕೆ ಹೋಳಿಗೆ ತಟ್ಟುವವರು. ಆದರೆ ಅ ಆ ಇ ಈ ಕಲಿತದ್ದು ಎಲ್ಲರೂ ಆ ಕೋಣೆಯಲ್ಲೇ. ತಾತನೂ ಅಲ್ಲೇ, ಅಪ್ಪನೂ ಅಲ್ಲೇ, ನಾನೂ ಅಲ್ಲೇ.

ಈಗ ಬೆಂಚಿನ ವಿಷಯ. ಇದು ಸ್ವಲ್ಪ ವಿಚಿತ್ರ, ನಿಧಾನವಾಗಿ ಓದಿ.

ಚರ್ಚಿಗೂ ಶಾಲೆಗೂ ಸೇರಿ ಇದ್ದದ್ದು ಒಂದೇ ಸೆಟ್ ಬೆಂಚು. ಸೋಮವಾರದಿಂದ ಶನಿವಾರದವರೆಗೆ ಅವು ಶಾಲೆಯಲ್ಲಿ. ಶನಿವಾರ ಮಧ್ಯಾಹ್ನ ಮಕ್ಕಳೇ ಅವನ್ನು ಅಂಗಳ ದಾಟಿಸಿ ಚರ್ಚಿಗೆ ಇಡಬೇಕು. ಸೋಮವಾರ ಬೆಳಿಗ್ಗೆ ಮತ್ತೆ ವಾಪಸ್ಸು. ಒಂದೊಂದಕ್ಕೆ ನಾಲ್ವರು. ನನ್ನ ಕಾಲದವರೆಗೂ ಇದು ನಡೆಯಿತು. ನಮಗೆ ಮಗ್ಗಿ ಬರುವ ಮೊದಲೇ ಬೆಂಚು ಹೊರುವುದು ಬರುತ್ತಿತ್ತು.

ಹೊರುವುದು ಅಭ್ಯಾಸವಾದ ಊರು ಸುಮ್ಮನಿರುತ್ತದೆಯೇ? ಮದುವೆ ಬಂತು, ಶಾಲೆಯ ಬೆಂಚು ತಂದರು. ನಾಮಕರಣ ಬಂತು, ಬೆಂಚು ತಂದರು. ತಂದವರು ವಾಪಸ್ಸು ಕೊಡಲು ಒಳ್ಳೆಯ ದಿನ ಹುಡುಕುತ್ತಿದ್ದರು. ಒಳ್ಳೆಯ ದಿನ ಬರಲಿಲ್ಲ. ನಾನು ಶಾಲೆ ಬಿಡುವ ಹೊತ್ತಿಗೆ ಉಳಿದದ್ದು ಎಂಟು. ಹಿಂದಿನ ಸಾಲಿನವರು ನೆಲದ ಮೇಲೆ.

ಈ ವರ್ಷ ಹೊಸ ಫಾದರ್ ಬಂದಿದ್ದಾರೆ. ಮಂಗಳೂರು ಕಡೆಯವರು, ಸಣ್ಣ ವಯಸ್ಸು. ಬಂದ ತಿಂಗಳಿಗೇ ಒಂದು 'ಕುಟುಂಬ ದಿನ' ಮಾಡಬೇಕೆಂದು ಹೊರಟರು. ಚರ್ಚಿನವರಿಗೆ ಮಾತ್ರವಲ್ಲ, ಆ ಶಾಲೆಯಲ್ಲಿ ಓದಿದ ಎಲ್ಲ ಮನೆಗೂ. ಮನೆಮನೆಗೆ ಹಂಚಿದ ಚೀಟಿಯಲ್ಲಿ ಎರಡೇ ಕೋರಿಕೆ. ಒಂದು, ಮನೆಯಿಂದ ಒಂದು ಅಡುಗೆ ತನ್ನಿ. ಎರಡು, ಶಾಲೆಯ ಬೆಂಚು ಮನೆಯಲ್ಲಿದ್ದರೆ ಅದನ್ನೂ ತನ್ನಿ, ಯಾರೂ ಏನೂ ಕೇಳುವುದಿಲ್ಲ.

ಬರುವುದನ್ನೆಲ್ಲ ಬರೆದುಕೊಳ್ಳುವ ಕೆಲಸ ನನಗೆ ಬಿತ್ತು. ಯಾಕೆಂದು ನಿಮಗೆ ಗೊತ್ತು. ಎಂಟನೇ ಕ್ಲಾಸಿನಿಂದ ಒಂದು ದಿನವೂ ಬಿಡದೆ ಡೈರಿ ಬರೆಯುವವಳು ಊರಿಗೆ ನಾನೊಬ್ಬಳೇ. (ಇಂದಿರಾನಗರದ ನನ್ನ ಆಫೀಸಿನಲ್ಲೂ ಅಷ್ಟೇ. ಯಾರ ಹುಟ್ಟುಹಬ್ಬಕ್ಕೆ ಯಾವ ಕೇಕು ಬಂತು ಎಂದು ಕೇಳಿ, ಹೇಳುತ್ತೇನೆ.)

ಫಾದರ್ ನನ್ನ ಕೈಗೆ ಶಾಲೆಯ ಹಳೇ ಸ್ಟಾಕ್ ಬುಕ್ಕು ಕೊಟ್ಟರು. ಬಟ್ಟೆಯ ರಟ್ಟು, ಗೆದ್ದಲು ತಿಂದ ಅಂಚು. ಮೊದಲ ಪುಟದಲ್ಲೇ ಇತ್ತು: ಗಂಟೆ 1, ಕರಿಹಲಗೆ 2, ಬೆಂಚು 24. ಅಲ್ಲಿಗೆ ಲೆಕ್ಕ ಸುಲಭ. ಚರ್ಚಿನಲ್ಲಿ ಎಂಟು ಇವೆ. ಊರಿನಿಂದ ಹದಿನಾರು ಬರಬೇಕು. ಎಷ್ಟು ಬರುತ್ತವೋ ನೋಡೋಣ ಎಂದುಕೊಂಡೆ.

ತಾತನನ್ನು ಹೊತ್ತ ಬೆಂಚು ಗೇಟಿಗೆ ತಲುಪಿದ್ದು ಒಂಬತ್ತು ಐದಕ್ಕೆ. ನನ್ನ ಪಟ್ಟಿಯಲ್ಲಿ ಅದು ನಾಲ್ಕನೆಯದು. ಅಲ್ಲೂ ತಾತ ಇಳಿಯಲಿಲ್ಲ. ಹುಣಸೆ ಮರದ ನೆರಳಲ್ಲಿ ಇಳಿಸಿಕೊಂಡು ಅದರ ಮೇಲೆಯೇ ಕೂತರು.

ಆಮೇಲೆ ಬಂದವು ನೋಡಿ. ತಲೆಯ ಮೇಲೆ, ಟ್ರಾಕ್ಟರಿನಲ್ಲಿ, ಒಂದು ಆಟೋದ ಎರಡೂ ಬದಿಗೆ ಚಾಚಿಕೊಂಡು. ಒಂದರ ಮೇಲೆ ಟೀವಿ ಇಟ್ಟ ಗುರುತು. ಒಂದಕ್ಕೆ ಎಮ್ಮೆ ಕಟ್ಟುವ ಗೂಟದ ತೂತು. ದರ್ಜಿ ನಾಗರಾಜಣ್ಣ ತಂದದ್ದರ ತುಂಬ ಚಾಕ್ ಪೀಸಿನ ಗೀಟು. ಜೋಗುಪಾಳ್ಯಕ್ಕೆ ಮದುವೆಯಾಗಿ ಹೋದ ಗೌರಮ್ಮತ್ತೆ ಅಷ್ಟು ದೂರದಿಂದ ಟೆಂಪೋದಲ್ಲಿ ತಂದಿದ್ದರು.

"ನನ್ ಮದ್ವೇಗ್ ತಂದಿದ್ದು ಕಣಮ್ಮ. ಸಾಮಾನಿನ್ ಜೊತೆ ಲಾರಿ ಹತ್ಬಿಟ್ಟಿತ್ತು. ಈಗ ನಂಗೇ ಮೊಮ್ಮಕ್ಳು."

"ಎಷ್ಟು ವರ್ಷ ಆಯ್ತತ್ತೆ?"

"ಯಾರೂ ಏನೂ ಕೇಳಲ್ಲ ಅಂದಿದ್ರಲ್ಲ?"

ನಾಚಿಕೆಗೆ ಇಷ್ಟು ಉತ್ಸಾಹ ಇರಬಹುದೆಂದು ನನಗೆ ಗೊತ್ತಿರಲಿಲ್ಲ. ಪ್ರತಿಯೊಬ್ಬರೂ ತಮ್ಮ ಬೆಂಚು ಹೇಗೆ ಮನೆಗೆ ಬಂತು ಎಂಬುದನ್ನು ಶೌರ್ಯದ ಕತೆಯಂತೆ ಹೇಳಿದರು. ಒಬ್ಬರು ಗರಗಸದಲ್ಲಿ ಕೊಯ್ದು ಎರಡು ಸ್ಟೂಲು ಮಾಡಿಸಿಕೊಂಡಿದ್ದರು. ಎರಡನ್ನೂ ಪಕ್ಕಪಕ್ಕ ಇಟ್ಟು, "ಒಂದೇ ಬರ್ಕೊಳಮ್ಮ," ಎಂದರು. ಒಂದೇ ಬರೆದುಕೊಂಡೆ.

ಅಡುಗೆಯೂ ಬಂತು. ಮೂವತ್ತೊಂದು ಮನೆ, ಮೂವತ್ತೊಂದು ಪಾತ್ರೆ. ಅದರಲ್ಲಿ ಚಿತ್ರಾನ್ನ ಹನ್ನೆರಡು. (ಯಾರಿಗೂ ಹೇಳಿಕೊಟ್ಟಿರಲಿಲ್ಲ. ಬೆಂಗಳೂರಿನವರಿಗೆ 'ಒಂದು ಅಡುಗೆ' ಎಂದರೆ ಇನ್ನೇನು ಹೊಳೆಯುತ್ತದೆ?)

ಹತ್ತು ನಲವತ್ತಕ್ಕೆ ಪಟ್ಟಿ ಮುಗಿಸಿ ಕೂಡಿಸಿದೆ. ಚರ್ಚಿನಿಂದ ಅಂಗಳಕ್ಕೆ ತಂದವು ಎಂಟು. ಊರಿನಿಂದ ಬಂದವು ಹದಿನೇಳು. ಒಟ್ಟು ಇಪ್ಪತ್ತೈದು.

ಇಪ್ಪತ್ತೈದು?

ಅಂಗಳದಲ್ಲಿ ನಡೆದಾಡಿ ಎಣಿಸಿದೆ. ಇಪ್ಪತ್ತೈದು. ಮಂಜನಿಗೂ ಎಣಿಸಲು ಹೇಳಿದೆ. "ಇಪ್ಪತ್ತೈದೇ ಗುರು. ನೀನು ಸ್ಟೂಲನ್ನ ಎರಡು ಅಂತ ಹಿಡಿದ್ಯಾ?" ಹಿಡಿದಿರಲಿಲ್ಲ. ಕಳೆದುಹೋದದ್ದು ಕಡಿಮೆ ಸಿಗುವುದು ಸಹಜ. ಹೆಚ್ಚು ಸಿಕ್ಕರೆ ಯಾರನ್ನು ಕೇಳುವುದು?

ಫಾದರ್‌ಗೆ ಹೇಳಿದೆ. ಅವರು ಪಾಪ, ಮೈಕಿನಲ್ಲಿ ಹೇಳಿಬಿಟ್ಟರು: "ಸ್ನೇಹಿತರೇ, ಒಂದು ಸಂತೋಷದ ಸಮಸ್ಯೆ. ಶಾಲೆಯದಲ್ಲದ ಒಂದು ಬೆಂಚು ಇಲ್ಲಿಗೆ ಬಂದಿದೆ."

ಮೊದಲು ದರ್ಜಿ ನಾಗರಾಜಣ್ಣ ಕೆಮ್ಮಿದರು. "ಹಂಗಾದ್ರೆ ಅದು ನಮ್ದೇ ಇರ್ಬೇಕು. ನಮ್ಮಪ್ಪ ಒಂದು ಮಾಡಿಸ್ದಂಗೆ ನೆನಪು."

ಗೌರಮ್ಮತ್ತೆ ಸುಮ್ಮನಿರುತ್ತಾರೆಯೇ? "ನಂಗೂ ಡೌಟಿತ್ತು. ಸ್ಕೂಲಿಂದಾದ್ರೆ ಇಷ್ಟು ಗಟ್ಟಿ ಇರ್ತಿತ್ತಾ?"

ಐದು ನಿಮಿಷದ ಹಿಂದೆ ನಗುನಗುತ್ತ ತಪ್ಪೊಪ್ಪಿಕೊಂಡ ಹದಿನಾರು ಮನೆಯವರೂ ಪ್ರಾಮಾಣಿಕರಾಗಿಬಿಟ್ಟರು. ಹದಿನೇಳನೆಯವರು ಮರದ ಕೆಳಗೆ ಕೂತಿದ್ದರು. ತಾತ ಬಾಯಿ ತೆರೆಯಲಿಲ್ಲ. ಅವರು ಮೊದಲಿನಿಂದಲೂ ಹೇಳುತ್ತಿದ್ದದ್ದು ಅದನ್ನೇ ಅಲ್ಲವೇ?

ಇಲ್ಲಿ ನಗು ನಿಲ್ಲಿಸಿ ಒಂದು ಮಾತು ಹೇಳಬೇಕು. ಊರಿನಲ್ಲಿ ಹದಿನೇಳು ಮನೆಯಲ್ಲಿ ಬೆಂಚು ಇತ್ತು. ಆದರೆ 'ಬೆಂಚ್ ಮುನಿಶಾಮಪ್ಪ' ಎನ್ನಿಸಿಕೊಂಡವರು ತಾತ ಒಬ್ಬರೇ. ಯಾಕೆ? ಉಳಿದವರು ಒಳಗೆ ಇಟ್ಟುಕೊಂಡಿದ್ದರು. ಇವರು ಜಗಲಿಯ ಮೇಲೆ, ಬೀದಿಗೆ ಕಾಣುವಂತೆ ಹಾಕಿಕೊಂಡು ಅದರ ಮೇಲೆ ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದರು. ಕೇಳಿದವರಿಗೆಲ್ಲ "ನಮ್ದೇ" ಎನ್ನುತ್ತಿದ್ದರು. ಕದ್ದದ್ದಲ್ಲದೆ ದಬಾಯಿಸುತ್ತಾನೆ ಎಂದು ಜನ ನಕ್ಕರು. ನಾವು ಮನೆಯವರೂ ನಕ್ಕೆವು. ಅಪ್ಪನಿಗಂತೂ ಆ ಹೆಸರು ಕೇಳಿದರೆ ಮುಖ ಸಣ್ಣಗಾಗುತ್ತಿತ್ತು. ಅವತ್ತು ಬೆಳಿಗ್ಗೆ ಅಷ್ಟು ಹಟದಿಂದ ಬೆಂಚು ಎತ್ತಿದ್ದು ಅದಕ್ಕೇ.

ಹೆಚ್ಚಿನದು ಯಾವುದೆಂದು ಹುಡುಕಲು ಶುರು ಮಾಡಿದೆವು. ನಾಗರಾಜಣ್ಣನ ಟೇಪು ತೆಗೆದುಕೊಂಡು ಅಳೆದೆ. ಎಲ್ಲವೂ ಆರೂವರೆ ಅಡಿ ಉದ್ದ, ಒಂದು ಮೊಳ ಅಗಲ. ಮರ? ಎಲ್ಲವೂ ಹಲಸು. ಶಾಲೆಯ ಗುರುತು, ಅಕ್ಷರ? ಏನೂ ಇಲ್ಲ.

ಆಗ ರೋಸಮ್ಮ ಟೀಚರ್ ಎದ್ದರು. ಅಪ್ಪನಿಗೂ ನನಗೂ ಪಾಠ ಹೇಳಿದವರು, ನಿವೃತ್ತರಾಗಿ ಹತ್ತು ವರ್ಷ. ಇನ್ನೂ ಅವರು ಎದ್ದರೆ ನಾವು ಎದ್ದು ನಿಲ್ಲುತ್ತೇವೆ.

"ಕಾಲು ನೋಡ್ರೋ. ಎಲ್ಲಾನೂ ಬೋರಲು ಹಾಕಿ," ಎಂದರು.

ಅವರ ತರ್ಕ ಹೀಗೆ. ಬೆಂಚು ಹೊರುವ ನಾಲ್ವರಲ್ಲಿ ಇಬ್ಬರಾದರೂ ಚಿಕ್ಕವರಿರುತ್ತಿದ್ದರು. ಅವರಿಗೆ ಎತ್ತಲು ಆಗದು, ಜಲ್ಲಿಯ ಮೇಲೆ ಎಳೆಯುತ್ತಿದ್ದರು. ವಾರಕ್ಕೆ ಎರಡು ಸಲ, ವರ್ಷಗಟ್ಟಲೆ. ಹಾಗಾಗಿ ಶಾಲೆಯ ಬೆಂಚಿನ ಕಾಲಿನಡಿ ಸವೆದು ಗುಂಡಗಾಗಿರಬೇಕು. ಮನೆಗೆಂದು ಮಾಡಿಸಿದ ಬೆಂಚು ಕೂತಲ್ಲೇ ಕೂತಿರುತ್ತದೆ, ಅದರ ಕಾಲು ಚೌಕವಾಗಿಯೇ ಉಳಿದಿರಬೇಕು.

ಎಂಥ ಚೆಂದದ ಪರೀಕ್ಷೆ. ನನಗೇಕೆ ಹೊಳೆಯಲಿಲ್ಲ?

ಇಪ್ಪತ್ತೈದೂ ಬೆಂಚು ಬೋರಲಾದವು. (ಒಂದು ಎರಡು ಸ್ಟೂಲಾಗಿ.) ಟೀಚರ್ ಒಂದೊಂದರ ಕಾಲಿನ ಮೇಲೂ ಹೆಬ್ಬೆರಳು ಆಡಿಸುತ್ತ ನಡೆದರು. "ಗುಂಡು. ಗುಂಡು. ಗುಂಡು." ನಾಗರಾಜಣ್ಣನದು ಗುಂಡು. ಗೌರಮ್ಮತ್ತೆಯದು ಗುಂಡು. ತಾತ ಈಗ ಎದ್ದು ನಿಂತಿದ್ದರು. ಟವೆಲ್ಲನ್ನು ಎಡ ಹೆಗಲಿನಿಂದ ಬಲ ಹೆಗಲಿಗೆ ಹಾಕಿಕೊಂಡರು. ಟೀಚರ್ ಅವರ ಬೆಂಚಿನ ಕಾಲನ್ನು ಎರಡು ಸಲ ಮುಟ್ಟಿದರು.

"ಗುಂಡು," ಎಂದರು.

ಜನ ಹೋ ಎಂದು ನಕ್ಕರು. "ಸಿಕ್ಕಾಕೊಂಡ್ಯಲ್ಲ ಮುನಿಶಾಮಣ್ಣ." ಅಪ್ಪ ನೆಲ ನೋಡಿದರು. ಮುಂದಿನವೂ ಗುಂಡೇ. ಇಪ್ಪತ್ತೈದಕ್ಕೆ ಇಪ್ಪತ್ತೈದು. ಒಂದೇ ಒಂದು ಚೌಕ ಸಿಗಲಿಲ್ಲ.

"ಗುಂಡಿರ್ದೆ ಇನ್ನೇನು? ನಾನೇ ಎಳ್ದಿದ್ದೀನಿ, ನಾಕ್ ವರ್ಷ," ಎಂದರು ತಾತ.

"ಅದೇ ಹೇಳ್ತಿರೋದಪ್ಪಾ," ಅಪ್ಪನ ದನಿ ಮೆಲ್ಲಗಿತ್ತು. "ಸ್ಕೂಲಲ್ಲಿ ಇತ್ತು ಅಂತಾಯ್ತಲ್ಲ."

"ಸ್ಕೂಲಲ್ಲಿ ಇರ್ಲಿಲ್ಲ ಅಂತ ನಾನ್ ಯಾವಾಗ್ ಅಂದೆ? ನಮ್ದು ಅಂದೆ."

"ಅದ್ಹೆಂಗೆ ತಾತ?" ಎಂದೆ.

ತಾತ ನನ್ನನ್ನು ನೋಡಿದರು. "ಇಷ್ಟ್ ವರ್ಷಕ್ಕೆ 'ಹೆಂಗೆ' ಅಂತ ಕೇಳ್ದೋಳು ನೀನೇ ಮೊದಲು."

ಆಮೇಲೆ ಹೇಳಿದರು. ಅವರನ್ನು ಶಾಲೆಗೆ ಸೇರಿಸಲು ಅವರಪ್ಪ ಕರೆದುಕೊಂಡು ಬಂದಾಗ ಆಗಿನ ಮೇಷ್ಟ್ರು, "ಕೂರೋಕೆ ಜಾಗ ಇಲ್ಲ, ಮುಂದಿನ ವರ್ಷ ನೋಡೋಣ," ಎಂದರಂತೆ. ಮುತ್ತಾತ ಮಾತಾಡದೆ ಮನೆಗೆ ಹೋದರು. ಬಾವಿಯ ಹತ್ತಿರದ ಹಲಸಿನ ಮರ ಕಡಿಸಿದರು. ಶಾಲೆಯ ಬೆಂಚು ಮಾಡಿದ್ದ ಆಚಾರಿಯನ್ನೇ ಹಿಡಿದು ಅದೇ ಅಳತೆಗೆ ಒಂದು ಮಾಡಿಸಿದರು. ಮರ ಒಣಗಿ, ಬೆಂಚಾಗುವ ಹೊತ್ತಿಗೆ ಐದು ತಿಂಗಳು. ಒಂದು ಬೆಳಿಗ್ಗೆ ಅದನ್ನು ಮೇಷ್ಟ್ರ ಮುಂದೆ ಇಳಿಸಿದರು.

"'ಹುಡುಗನ್ನ ಮಾತ್ರ ಅಲ್ಲ ಸ್ವಾಮಿ, ಜಾಗಾನೂ ತಂದಿದ್ದೀನಿ' ಅಂದ್ರು ನಮ್ಮಪ್ಪ," ಎಂದರು ತಾತ. "ಮೇಷ್ಟ್ರು ಇನ್ನೇನ್ ಮಾಡ್ತಾರೆ? ಸೇರಿಸ್ಕೊಂಡ್ರು. ಜಾಗ ಮಿಕ್ಕಿತ್ತಲ್ಲ, ಜೊತೆಗ್ ಇನ್ನೂ ಮೂರ್ ಜನಾನ ಕೂರಿಸಿದ್ರು. ನಾಕ್ನೇ ಕ್ಲಾಸ್ ಮುಗೀತು, ನನ್ ಬೆಂಚು ನಾನ್ ಮನೇಗ್ ತಂದೆ. ಕದ್ದಿದ್ದಾ ಅದು?"

ಯಾರೂ ನಗಲಿಲ್ಲ. ನಂಬಿದರೇ? ಅದೂ ಗೊತ್ತಾಗಲಿಲ್ಲ.

ನಾನು ಸ್ಟಾಕ್ ಬುಕ್ಕು ತೆರೆದೆ. ತಾತ ಓದಿದ ವರ್ಷಗಳ ಪುಟ ಸಿಕ್ಕಿತು. 'ಬೆಂಚು 24, ಸರಿಯಿದೆ.' ಕೋಣೆಯಲ್ಲಿ ಇಪ್ಪತ್ತೈದು ಇದ್ದರೂ ಮೇಷ್ಟ್ರು ಇಪ್ಪತ್ತನಾಲ್ಕೇ ಬರೆದಿದ್ದಾರೆ ಎಂದರೆ ಒಂದು ಶಾಲೆಯದಲ್ಲ ಎಂದಾಯಿತಲ್ಲವೇ? ಮುಂದಿನ ಪುಟ ತಿರುವಿದೆ. 'ಬೆಂಚು 24, ಸರಿಯಿದೆ.' ಇನ್ನೊಂದು. 'ಸರಿಯಿದೆ.' ನಾನು ನೆಲದ ಮೇಲೆ ಕೂತು ಓದಿದ ವರ್ಷ, ಎಂಟೇ ಬೆಂಚಿದ್ದ ವರ್ಷ, ರೋಸಮ್ಮ ಟೀಚರ ದುಂಡು ಅಕ್ಷರದಲ್ಲಿ: 'ಬೆಂಚು 24, ಸರಿಯಿದೆ.'

"ಟೀಚರ್, ಇದು..."

"ಊರಲ್ಲೇ ಇದ್ವಲ್ಲಮ್ಮ," ಎಂದರು ಟೀಚರ್, ಒಂದಿಷ್ಟೂ ಅಳುಕದೆ. "ಯಾರ್ಯಾರ್ ಮನೇಲಿವೆ ಅಂತ ಹೆಚ್ಚುಕಮ್ಮಿ ನಂಗೊತ್ತಿತ್ತು. ಕಳ್ದ್ ಹೋಗಿರ್ಲಿಲ್ಲ. ಮತ್ತೆ ಸರಿಯಿದೆ ಅನ್ನದೆ ಏನ್ ಬರೀಲಿ?"

"ನಮ್ದು ನಿಮ್ ಲೆಕ್ಕದಲ್ಲಿತ್ತಾ ಟೀಚರ್?" ತಾತ ಕೇಳಿದರು.

ಟೀಚರ್ ತಡೆದರು. "ಇತ್ತು ಮುನಿಶಾಮಪ್ಪ. ನಾನೂ ಊರಿನವ್ರ ಮಾತನ್ನೇ ನಂಬಿದ್ದೆ."

ಅಲ್ಲಿಗೆ ಸಾಕ್ಷಿ ಎಂಬುದು ಏನೂ ಉಳಿಯಲಿಲ್ಲ. ಪುಸ್ತಕವನ್ನು ನಂಬುವಂತಿಲ್ಲ. ಕಾಲು ಗುಂಡಗಿದೆ. ಮರ ಒಂದೇ, ಅಳತೆ ಒಂದೇ. ಮೊದಲ ಪುಟದ ಇಪ್ಪತ್ತನಾಲ್ಕೇ ತಪ್ಪಿರಬಹುದು. ಉಳಿದದ್ದು ತಾತನ ಮಾತು.

ಅಷ್ಟರಲ್ಲಿ ಫಾದರ್ ಹೊಸ ಪುಸ್ತಕವೊಂದನ್ನು ನನ್ನ ಮುಂದಿಟ್ಟರು. "ಇವತ್ತಿನದನ್ನು ನೀವೇ ಬರೆಯಿರಿ. ಏನು ಬರೆಯಬೇಕೆಂದು ನಾನು ಹೇಳುವುದಿಲ್ಲ, ನನಗೆ ಊರು ಹೊಸದು."

ಪೆನ್ನು ಹಿಡಿದು ಕೂತೆ. ಮೂವತ್ತೊಂದು ಮನೆಯವರು ಸುತ್ತ ನಿಂತಿದ್ದರು. ಇಪ್ಪತ್ತೈದು ಎಂದು ಬರೆದರೆ ಅದು ಎಣಿಕೆಯ ಪ್ರಕಾರ ಸರಿ, ಯಾರೂ ತಪ್ಪು ಹೇಳುವಂತಿಲ್ಲ. ಆದರೆ ತಾತ ಕಾಯಂ ಆಗಿ ಬೆಂಚ್ ಮುನಿಶಾಮಪ್ಪ. ಇಷ್ಟು ವರ್ಷ ನಾನು ಕಣ್ಣಾರೆ ಎಣಿಸದ ಯಾವುದನ್ನೂ ಬರೆದವಳಲ್ಲ. ಮಳೆ ಬಂತೆಂದು ಬರೆಯಲೂ ಹೊರಗೆ ಕೈ ಚಾಚಿ ನೋಡುವವಳು.

ಬರೆದೆ: 'ಶಾಲೆಯ ಬೆಂಚು 24. ಮುನಿಶಾಮಪ್ಪನವರ ಸ್ವಂತ ಬೆಂಚು 1.'

"ಏನ್ ಬರ್ದೆ, ಓದು," ಎಂದರು ತಾತ.

ಓದಿದೆ. ನಾಗರಾಜಣ್ಣ ಏನೋ ಹೇಳಲು ಹೊರಟರು, ಗೌರಮ್ಮತ್ತೆ ಅವರ ತೋಳು ಹಿಡಿದರು. "ಸುಮ್ನಿರಣ್ಣ. ಮರ ಕಡಿಸಿದ್ ಕತೆ ನಿಂಗೂ ಬರಲ್ಲ, ನಂಗೂ ಬರಲ್ಲ."

ತಾತ ಇನ್ನೊಂದು ಸಲ ಓದಿಸಿದರು. ಆಮೇಲೆ ಬೆಂಚಿನ ಮೇಲಿನ ಧೂಳನ್ನು ಟವೆಲ್ಲಿನಿಂದ ಒರೆಸಿ, "ಸರಿ. ಈಗ್ ಇನ್ನೊಂದ್ ಸಾಲು ಬರ್ಕೋ. ಆ ಒಂದನ್ನ ಮುನಿಶಾಮಪ್ಪ ಸ್ಕೂಲಿಗ್ ಕೊಟ್ಟಿದ್ದಾನೆ," ಎಂದರು.

ಅಪ್ಪನಿಗೆ ತಡೆಯಲಾಗಲಿಲ್ಲ. "ಇದನ್ನ ಬೆಳಿಗ್ಗೇನೇ ಹೇಳಿದ್ರೆ ಆಗ್ತಿರ್ಲಿಲ್ವಾ? ನಿನ್ನೂ ಸೇರಿಸಿ ಹೊತ್ಕೊಂಡ್ ಬಂದ್ವಲ್ಲ."

"ಬೆಳಿಗ್ಗೆ ನೀವು ವಾಪಸ್ ಕೊಡ್ತಿದ್ರಿ. ನಾನು ಕೊಡ್ತಾ ಇದ್ದೀನಿ."

ಅಪ್ಪ ಬೆಂಚಿನ ಒಂದು ತುದಿ ಹಿಡಿದು, "ಬಾಪ್ಪಾ, ಆ ಕಡೆ ಹಿಡಿ," ಎಂದರು. ಇಬ್ಬರೇ ಅದನ್ನು ಅಂಗಳ ದಾಟಿಸಿ ಶಾಲೆಯೊಳಗೆ ಇಟ್ಟರು. ತಾತನ ತುದಿ ಉದ್ದಕ್ಕೂ ಜಲ್ಲಿಯ ಮೇಲೆ ಎಳೆದುಕೊಂಡೇ ಹೋಯಿತು.

ಊಟ ಒಂದು ಗಂಟೆಗೆ. ಎಲ್ಲರೂ ಬೆಂಚಿನ ಮೇಲೆ ಸಾಲಾಗಿ ಕೂತು ಹನ್ನೆರಡು ಬಗೆಯ ಚಿತ್ರಾನ್ನ ಹೋಲಿಸಿ ನೋಡಿದೆವು. (ಗೆದ್ದದ್ದು ಟೀಚರದು. ಮಾವಿನಕಾಯಿ ತುರಿದು ಹಾಕಿದ್ದರು.) ನಾಗರಾಜಣ್ಣ ತಾತನಿಗೆ ತಾವೇ ಬಡಿಸಿದರು. ಈಗ ತಾತ ಜಗಲಿಯಲ್ಲಿ ಚಾಪೆಯ ಮೇಲೆ ಮಲಗುತ್ತಾರೆ, ಬೆನ್ನು ನೋವೆಂದು ಗೊಣಗುತ್ತಾರೆ. ಈ ವಾರದಲ್ಲಿ ನಾಲ್ಕು ಸಲ ಶಾಲೆಯ ಕಡೆ ಹೋಗಿ ಬಂದಿದ್ದಾರೆ. ಸುಮ್ಮನೆ ವಾಕಿಂಗಂತೆ.

ನಾನು ಬರೆದ ಸಾಲನ್ನು ಅಳಿಸುವುದಿಲ್ಲ. ಆದರೂ ಸಾಕ್ಷಿ ಹುಡುಕುವ ಅಭ್ಯಾಸ ಬಿಡುತ್ತದೆಯೇ? ತಾತನ ಜೊತೆ ಆ ಬೆಂಚಿನಲ್ಲಿ ಕೂತಿದ್ದ ಮೂವರಲ್ಲಿ ಇಬ್ಬರು ಈಗಿಲ್ಲ. ಮೂರನೆಯವರು ಒಬ್ಬ ಹುಡುಗಿ, ರೈಲ್ವೆ ಗೇಟಿನವರ ಮಗಳು. ಎರಡು ವರ್ಷ ಓದುವಷ್ಟರಲ್ಲಿ ಅವಳಪ್ಪನಿಗೆ ಬಾಣಸವಾಡಿ ಕಡೆಗೆ ವರ್ಗವಾಯಿತಂತೆ. ತಾತನಿಗೆ ಹೆಸರು ನೆನಪಿಲ್ಲ. 'ಗೇಟಿನ ಹುಡುಗಿ' ಎಂದೇ ಕರೆಯುತ್ತಿದ್ದರಂತೆ. ಈಗ ಎಪ್ಪತ್ತು ದಾಟಿರಬೇಕು. ನಿಮ್ಮ ಮನೆಯ ಅಜ್ಜಿಯೊಬ್ಬರು ಚರ್ಚಿನ ಶಾಲೆ, ಜಲ್ಲಿ ಅಂಗಳ, ತನ್ನ ಬೆಂಚನ್ನು ತಾನೇ ತಂದಿದ್ದ ಹುಡುಗ ಎಂದೆಲ್ಲ ಹೇಳುತ್ತಿದ್ದರೆ ದಯವಿಟ್ಟು ಪತ್ರಿಕೆಯ ವಿಳಾಸಕ್ಕೆ ನನಗೊಂದು ಕಾರ್ಡು ಹಾಕಿ. ಬೆಂಚು ಯಾರದೆಂದು ಕೇಳಬೇಡಿ, ಪಾಪ ಅವರಿಗೇನು ಗೊತ್ತು. ಅವರೇ ಗೇಟಿನ ಹುಡುಗಿ ಎಂದು ನನಗೆ ಖಾತ್ರಿಯಾಗಲು, ತಾತ ನನಗೊಬ್ಬಳಿಗೇ ಹೇಳಿರುವ, ನಾನಿಲ್ಲಿ ಬರೆಯದ ಒಂದು ಸಂಗತಿಯನ್ನು ಮಾತ್ರ ಕೇಳಿ.

ಆ ಹುಡುಗ ಕೂರುತ್ತಿದ್ದದ್ದು ಬಾಗಿಲ ಕಡೆಗೋ, ಗೋಡೆಯ ಕಡೆಗೋ?